ಹೈಪೊ ಕುಲುಕುವ ಕೋಲು: ಎಂಡೋಆಕ್ಟಿವೇಟರ್ ಹೇಗಿದೆ?

ರೂಟ್ ಕೆನಾಲ್‌ನಲ್ಲಿ ಫೈಲ್ (ಒಳಗೋಡೆ ಕೆರೆಯುವ ಸಣ್ಣ ಅರ) ಎಷ್ಟೇ ಒಳ್ಳೆಯದಿರಲಿ, ಗೋಡೆಯ ಎಷ್ಟೋ ಭಾಗಕ್ಕೆ ಅದು ತಾಗುವುದೇ ಇಲ್ಲ. ಅಲ್ಲಿ ಉಳಿದ ಕೊಳೆಗೆ ದ್ರವವೇ ಗತಿ. ಸಿರಿಂಜಿನಿಂದ ಬಿಟ್ಟ ಹೈಪೊ (ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ) ಸೂಜಿಯ ತುದಿ ದಾಟಿ ಹೆಚ್ಚು ದೂರ ಹೋಗದು. ಬೇರಿನ ತುದಿಯಲ್ಲಿ ಗಾಳಿಗುಳ್ಳೆ ಕೂತು ದಾರಿ ಕಟ್ಟುತ್ತದೆ. ಆ ಗುಳ್ಳೆ ಒಡೆದು ದ್ರವ ಕುಲುಕುವುದಷ್ಟೇ ಡೆಂಟ್ಸ್‌ಪ್ಲೈ ಕಂಪನಿಯ ಎಂಡೋಆಕ್ಟಿವೇಟರ್ ಯಂತ್ರದ ಕೆಲಸ. ಇಲ್ಲಿ ಹೇಳುತ್ತಿರುವುದು ಮೂರು ವೇಗದ ಮೂಲ ಮಾದರಿಯ ಬಗ್ಗೆ.

ವೇಗ ನಿಮಿಷಕ್ಕೆ 2,000, 6,000, 10,000 ಕಂಪನ. ಕೆನಾಲ್‌ಗೆ ಇಳಿಯುವ ಟಿಪ್ ಹಳದಿ 15/02 (ತುದಿ 0.15 ಮಿ.ಮೀ., ಮೇಲಕ್ಕೆ 2% ಅಗಲವಾಗುತ್ತದೆ), ಕೆಂಪು 25/04, ನೀಲಿ 35/04. ಬಳುಕುವ ಪಾಲಿಮರ್ ಆದ್ದರಿಂದ ಬಾಗಿದ ಕೆನಾಲ್‌ನಲ್ಲೂ ಗೋಡೆ ಕೆರೆಯುವುದಿಲ್ಲ. ಇದೇ ಕೆಲಸದ ಅಲ್ಟ್ರಾಸಾನಿಕ್ ಯಂತ್ರದ ಲೋಹದ ಟಿಪ್ ಗೋಡೆಗೆ ತಾಗಿತೋ, ಕಂಪನ ಸಾಯುತ್ತದೆ, ಗೋಡೆಯ ಡೆಂಟಿನ್‌ಗೆ (ಹಲ್ಲಿನ ಒಳಭಾಗದ ಗಟ್ಟಿ ಪದರ) ಗೀರು ಬೇರೆ. ಆದರೆ ಅದು ಸೆಕೆಂಡಿಗೆ 25ರಿಂದ 30 ಸಾವಿರ ಸಲ ಕಂಪಿಸುತ್ತದೆ, ಇದು 170ನ್ನೂ ಮುಟ್ಟದು. ಬಲದಲ್ಲಿ ಇದು ತಮ್ಮನೇ.

ಫೈಲಿನಿಂದ ಕೆನಾಲ್‌ಗೆ ಆಕಾರ ಕೊಡುವ ಶೇಪಿಂಗ್ ಮುಗಿದ ಮೇಲೇ ಇದನ್ನು ಇಳಿಸಬೇಕು. ವರ್ಕಿಂಗ್ ಲೆಂತ್‌ಗೆ (ಕೆನಾಲ್‌ನಲ್ಲಿ ಕೆಲಸ ಮಾಡಬೇಕಾದ ಪೂರ್ತಿ ಉದ್ದ) 2 ಮಿ.ಮೀ. ಮೊದಲೇ ಟಿಪ್ ಸಡಿಲವಾಗಿ ನಿಲ್ಲಬೇಕು. ಬಿಗಿದರೆ ಕೈಯಲ್ಲಿ ಗುಂಯ್ ಅನ್ನುತ್ತದೆ, ಒಳಗೆ ಏನೂ ಅಲುಗದು. ಪಲ್ಪ್ ಚೇಂಬರ್ (ಕೆನಾಲ್‌ಗಳ ಮೇಲಿನ, ಹಲ್ಲಿನೊಳಗಿನ ಪೊಳ್ಳು) ತುಂಬ 3% ಹೈಪೊ ಹಾಕಿ, 10,000ದ ವೇಗದಲ್ಲಿ 30ರಿಂದ 60 ಸೆಕೆಂಡ್ 2-3 ಮಿ.ಮೀ. ಮೇಲೆ ಕೆಳಗೆ ಆಡಿಸಿ. ತಿಳಿ ದ್ರವ ನೀರುಮಜ್ಜಿಗೆಯಂತೆ ಕಲಕಿ ಚೂರುಗಳು ಮೇಲೆದ್ದರೆ ಕೆಲಸ ನಡೆದಿದೆ. ಅದನ್ನು ಹೀರಿ ತೆಗೆದು ಹೊಸ ಹೈಪೊ ಹಾಕಿ. ಹಳೆಯದರಲ್ಲಿ ಕ್ಲೋರಿನ್ ಸತ್ತಿರುತ್ತದೆ. ಆಮೇಲೆ ಸ್ಮಿಯರ್ ಲೇಯರ್‌ಗೆ (ಫೈಲ್ ಕೆರೆದಾಗ ಗೋಡೆಗೆ ಮೆತ್ತಿದ ಪುಡಿಯ ಪದರ) ಅದನ್ನು ಕರಗಿಸುವ 17% ಇಡಿಟಿಎ ದ್ರಾವಣ, ಒಂದು ನಿಮಿಷ. ಎರಡನ್ನೂ ಬೆರೆಸಬೇಡಿ, ಇಡಿಟಿಎ ಹೈಪೊದ ಕ್ಲೋರಿನ್ ತಿಂದುಹಾಕುತ್ತದೆ. ಹೈಪೊ ಮೇಲೆ ನೇರ ಕ್ಲೋರ್‌ಹೆಕ್ಸಿಡಿನ್ (ಇನ್ನೊಂದು ಕ್ರಿಮಿನಾಶಕ ದ್ರಾವಣ) ಬಿಟ್ಟರಂತೂ ಕಂದು ಗಷ್ಟು ಕಟ್ಟಿ ಡೆಂಟಿನ್ ರಂಧ್ರಗಳೇ ಮುಚ್ಚುತ್ತವೆ. ನಡುವೆ ಸಲೈನ್ ಹಾಯಿಸಿ, ಪೇಪರ್ ಪಾಯಿಂಟ್‌ನಿಂದ (ತೇವ ಹೀರುವ ಕಾಗದದ ಕಡ್ಡಿ) ಒಣಗಿಸಿ.

ದೊಡ್ಡ ಕೊರತೆ ಟಿಪ್‌ನದ್ದೇ. ಮುರಿದ ತುಂಡು ಎಕ್ಸ್‌ರೇಯಲ್ಲಿ ಕಾಣದು, ಹಾಗಾಗಿ ಹೊರತೆಗೆದ ಕೂಡಲೇ ಉದ್ದ ನೋಡಿಬಿಡಿ. ಒಬ್ಬ ರೋಗಿಗೆ ಬಳಸಿದ್ದು ಇನ್ನೊಬ್ಬರಿಗೆ ಸಲ್ಲದು, ಆಟೋಕ್ಲೇವ್‌ಗೂ ಹಾಕುವಂತಿಲ್ಲ. ಖರ್ಚು ಏರುವುದು ಇಲ್ಲೇ.

ಯಂತ್ರ ಬಂತೆಂದು ಸೂಜಿಯ ಶಿಸ್ತು ಬಿಡಬಾರದು. ಹಲ್ಲನ್ನು ಬಾಯಿಯಿಂದ ಬೇರ್ಪಡಿಸುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್ ಇರಲೇಬೇಕು. 30 ಗೇಜ್, ಪಕ್ಕದಲ್ಲಿ ತೂತಿರುವ ಸೂಜಿ, ಎಲ್ಲೂ ಸಿಕ್ಕಿಕೊಳ್ಳದಂತೆ. ಪಿಸ್ಟನ್ ಒತ್ತಲು ಹೆಬ್ಬೆರಳಲ್ಲ, ತೋರುಬೆರಳು. ಹೈಪೊ ಬೇರಿನಾಚೆ ನುಗ್ಗಿದರೆ ತಡೆಯಲಾಗದ ಉರಿ, ರಕ್ತ, ನಿಮಿಷಗಳಲ್ಲೇ ಕೆನ್ನೆ ಊತ.

ಅಲ್ಟ್ರಾಸಾನಿಕ್ ಆಗಲೇ ಇದ್ದು, ಮುಂಭಾಗದ ನೇರ ಹಲ್ಲುಗಳೇ ಹೆಚ್ಚು ಬರುತ್ತಿದ್ದರೆ ಇದು ಬೇಡ. ಬಾಗಿದ ದವಡೆ ಹಲ್ಲುಗಳೇ ದಿನದ ಕೆಲಸವಾದರೆ ಕೊಳ್ಳಿ, ಕೆಂಪು ಟಿಪ್ ಒಂದು ಪ್ಯಾಕ್ ಹೆಚ್ಚಿಗೇ ಇರಲಿ.