ಸ್ಟಿಯರಿಂಗ್ ರ‍್ಯಾಕ್ ಹೋಗಿದೆ ಎಂದರೆ ಒಪ್ಪುವ ಮೊದಲು ಚಕ್ರ ಎತ್ತಿಸಿ ನೋಡಿ

ನಮ್ಮ ಮನೆಯಲ್ಲಿರುವುದು 2013ರ ಫಾರ್ಚೂನರ್. ಇದುವರೆಗೆ 1,70,000 ಕಿ.ಮೀ. ಓಡಿರುವ ಈ ಗಾಡಿಯ ಹೆಚ್ಚಿನ ಓಡಾಟವೆಲ್ಲ ದಾವಣಗೆರೆಯಿಂದ ಸಂತೆಬೆನ್ನೂರಿನ ಮೇಲೆ ಚನ್ನಗಿರಿ ಕಡೆಯ ತೋಟಕ್ಕೆ, ಅದೂ ಅಡಿಕೆ ಕೊಯ್ಲಿನ ದಿನಗಳಲ್ಲಿ ಹಿಂದೆ ಭಾರ ಹೇರಿಕೊಂಡು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಹಂಪ್ ಇಳಿಯುವಾಗಲೆಲ್ಲ ಮುಂದಿನ ಎಡಭಾಗದಿಂದ 'ಕಟಕ್' ಎಂಬ ಸದ್ದು ಬರತೊಡಗಿತು. ಬ್ರೇಕ್ ಹಿಡಿದರೆ ಗಾಡಿ ಎಡಕ್ಕೆ ಎಳೆಯುತ್ತಿತ್ತು, ಎಡ ಟೈರಿನ ಒಳಅಂಚು ಬೋಳಾಗುತ್ತಿತ್ತು. ಇಷ್ಟು ವಯಸ್ಸಾದ ಗಾಡಿಯಲ್ಲಿ ಇದು ಸಹಜವಾದ ಸವೆತ. ಗಾಡಿಯ ಮೇಲೆ ನನ್ನ ದೂರಿಲ್ಲ.

ದಾವಣಗೆರೆಯ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನವರು ಬೀದಿಯ ತುದಿಯವರೆಗೆ ಓಡಿಸಿ ತಂದು, ನಿಂತಲ್ಲಿಯೇ ಸ್ಟಿಯರಿಂಗನ್ನು ಎರಡು ಸಲ ಅಲುಗಿಸಿ, "ರ‍್ಯಾಕ್ ಹೋಗೈತಿ ಸರ್, ಪೂರ್ತಿ ಬದಲಿಸಬೇಕು" ಎಂದರು. ಸ್ಟಿಯರಿಂಗಿನ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಅಡ್ಡ ದಂಡದ ಜೋಡಣೆಯೇ ರ‍್ಯಾಕ್. ಜಾಕ್ ಹಚ್ಚಲಿಲ್ಲ, ಚಕ್ರ ಬಿಚ್ಚಲಿಲ್ಲ. ಆಯಿಲಿನ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಸ್ಟಿಯರಿಂಗ್ ಇರುವ ಗಾಡಿಯಲ್ಲಿ ರ‍್ಯಾಕಿನ ಸೀಲು ಹೋಗಿದ್ದರೆ ಡಬ್ಬಿಯಲ್ಲಿನ ಆಯಿಲ್ ಇಳಿಯಬೇಕು, ರ‍್ಯಾಕಿನ ಯಾವುದಾದರೂ ತುದಿಯ ರಬ್ಬರ್ ಬೂಟಿನೊಳಗೆ ಆಯಿಲ್ ಕಾಣಬೇಕು. ನಮ್ಮದರಲ್ಲಿ ಆಯಿಲ್ ಇಳಿದಿರಲಿಲ್ಲ ಎಂಬುದು ನನಗೇ ತಿಳಿದಿತ್ತು. ಆದರೂ ಬಾಯಿ ಬಿಡದೆ ತಲೆಯಾಡಿಸಿದೆ. ಆ ದಡ್ಡತನ ನನ್ನದೇ.

ರಿಪೇರಿ ಮಾಡಿದ ಬೇರೊಂದು ಹಳೆಯ ರ‍್ಯಾಕ್ ಮತ್ತು ಕೂಲಿ ಸೇರಿ 46,000 ರೂಪಾಯಿ ಆಯಿತು. ಮೂರನೆಯ ದಿನ ಗಾಡಿ ಮನೆಗೆ ಬಂತು, ಅದರ ಜೊತೆಗೆ ಸದ್ದೂ ಬಂತು. ಮತ್ತೆ ಹೋದಾಗ ಮುಂದಿನ ಶಾಕ್ ಅಬ್ಸಾರ್ಬರುಗಳ ಮೇಲೆ ದೋಷ ಹೊರಿಸಿ ಅವನ್ನೂ ಬದಲಿಸಿದರು. ಆಮೇಲೆ ಒಂದೇ ತಿಂಗಳಲ್ಲಿ ಮೂರು ಬಾರಿ, ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್. ಒಳಗೆ ಜಾಯಿಂಟ್ ಸಡಿಲವಿರುವಾಗ ಅಲೈನ್‌ಮೆಂಟ್ ಮಾಡಿಸುವುದೆಂದರೆ ಅಲ್ಲಾಡುವ ಕಂಬಕ್ಕೆ ತೂಗುಗುಂಡು ಹಿಡಿದಂತೆ. ಯಂತ್ರದ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಗಾಡಿ ರಸ್ತೆಗಿಳಿದ ಮೊದಲ ಗುಂಡಿಯಲ್ಲೇ ಲೆಕ್ಕ ತಪ್ಪುತ್ತದೆ.

ತಾಯಿಯವರನ್ನು ಚಿತ್ರದುರ್ಗದ ಬಂಧುಗಳ ಮನೆಗೆ ಕರೆದೊಯ್ಯುತ್ತಿದ್ದ ದಿನ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಭರಮಸಾಗರ ಹತ್ತಿರವಾಗುತ್ತಿದ್ದಂತೆ, ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ಅರೆಕ್ಷಣ ತಡವಾಗಿ ತಿರುಗುತ್ತಿರುವುದು ಕೈಗೆ ತಿಳಿಯಿತು. ನಿಧಾನವಾಗಿ ಸರ್ವಿಸ್ ರಸ್ತೆಗೆ ಇಳಿಸಿ ನಿಲ್ಲಿಸಿದೆ. ಪಕ್ಕದಲ್ಲಿ ಲಾರಿ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ಒಬ್ಬರು ಕೆಳಗೆ ನುಸುಳಿ ನೋಡಿ, ಮೊಬೈಲಿನ ಬೆಳಕು ಹಿಡಿದು ನನ್ನನ್ನೂ ಬಗ್ಗಿಸಿದರು. ಬಲಭಾಗದ ಟೈರಾಡ್ ಎಂಡಿನ (ರ‍್ಯಾಕಿನಿಂದ ಚಕ್ರಕ್ಕೆ ಹೋಗುವ ಸರಳಿನ ತುದಿಯ ಕೀಲು) ಕಿರೀಟದಂತಹ ನಟ್ಟು ಕೊನೆಯ ಎರಡು ಸುತ್ತಿನಲ್ಲಿ ನೇತಾಡುತ್ತಿತ್ತು. ಅದು ಬಿಚ್ಚಿಕೊಳ್ಳದಂತೆ ಅಡ್ಡಲಾಗಿ ತೂರಿಸಬೇಕಾದ ಸ್ಪ್ಲಿಟ್ ಪಿನ್ ಇರಲೇ ಇಲ್ಲ, ತೂತು ಖಾಲಿಯಾಗಿತ್ತು. ರ‍್ಯಾಕ್ ಇಳಿಸಬೇಕಾದರೆ ಎರಡೂ ಕಡೆಯ ಟೈರಾಡ್ ಎಂಡ್ ಬಿಚ್ಚಬೇಕು. ಹಾಗೆ ಬಿಚ್ಚಿದವರು ಎಡಕ್ಕೆ ಪಿನ್ ಹಾಕಿ ಬಲಕ್ಕೆ ಮರೆತಿದ್ದರು. ಕೆಲವೇ ರೂಪಾಯಿಯ ಆ ತಂತಿಯ ತುಂಡಿಲ್ಲದೆ ಸುಮಾರು ಎರಡು ಟನ್ನಿನ ಗಾಡಿ ಒಂದು ತಿಂಗಳು ಓಡಿದೆ ಎಂದು ತಾಯಿಯವರಿಗೆ ನಾನು ಇಂದಿಗೂ ಹೇಳಿಲ್ಲ.

ಆ ಲಾರಿ ಮೆಕ್ಯಾನಿಕ್ ನಟ್ಟು ಬಿಗಿದು ಪಿನ್ ಹಾಕಿಕೊಟ್ಟ ಮೇಲೆ ನಿಧಾನವಾಗಿ ಚಿತ್ರದುರ್ಗ ತಲುಪಿ, ಬಂಧುಗಳು ತೋರಿಸಿದ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಗಾಡಿ ಬಿಟ್ಟೆ. ಅವರು ಬೆಲೆ ಹೇಳುವ ಮೊದಲು ಎಡಗಡೆಯ ಲೋವರ್ ಆರ್ಮಿನ (ಚಕ್ರವನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ಕೆಳತೋಳು) ಕೆಳಗೆ ಜಾಕ್ ಕೊಟ್ಟು ಚಕ್ರವನ್ನು ನೆಲದಿಂದ ಎರಡು ಬೆರಳಷ್ಟು ಎತ್ತಿದರು. ಟೈರಿನ ಎಡಬಲ ಹಿಡಿದು ಅಲುಗಿಸಿದರೆ ಟೈರಾಡಿನ ಪ್ಲೇ, ಅಂದರೆ ಸಡಿಲ, ತಿಳಿಯುತ್ತದೆ, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಬಾಲ್ ಜಾಯಿಂಟ್ (ಆರ್ಮನ್ನೂ ಚಕ್ರವನ್ನೂ ಕೂಡಿಸುವ ಗುಂಡಿನ ಕೀಲು) ಅಥವಾ ಬೇರಿಂಗಿನದು. ಟೈರಿನಡಿ ರಾಡು ಕೊಟ್ಟು ಮೀಟುತ್ತ, "ಯಜಮಾನ್ರೇ, ಇಲ್ಲಿ ಬೆರಳಿಟ್ಟು ನೋಡ್ರಿ" ಎಂದರು. ಲೋವರ್ ಬಾಲ್ ಜಾಯಿಂಟ್ ಸಡಿಲ ಹಲ್ಲಿನಂತೆ ಬೆರಳ ಕೆಳಗೆ ಕುಣಿಯಿತು. ಆರ್ಮಿನ ಹಿಂದಿನ ಬುಷ್, ಅಂದರೆ ಬೋಲ್ಟಿನ ಸುತ್ತಲಿನ ರಬ್ಬರ್ ಕೊಳವೆ, ಸೀಳಿಹೋಗಿತ್ತು. ಸದ್ದು, ಎಳೆತ, ಟೈರಿನ ಸವೆತ ಮೂರಕ್ಕೂ ಕಾರಣ ಇವೆರಡೇ. ರ‍್ಯಾಕಿಗೂ ಇವಕ್ಕೂ ಸಂಬಂಧವಿರಲಿಲ್ಲ.

ಅವರ ಕೆಲಸದ ಒಂದು ಕ್ರಮವನ್ನು ವಿಶೇಷವಾಗಿ ತಿಳಿಸಬೇಕು. ಹೊಸ ಬುಷ್ ಹಾಕಿದ ಆರ್ಮನ್ನು ಕೂರಿಸಿ ಬೋಲ್ಟುಗಳನ್ನು ಕೈಬಿಗಿಯಷ್ಟೇ ಇಟ್ಟು, ಚಕ್ರ ಹಾಕಿ, ಗಾಡಿಯ ಭಾರವೆಲ್ಲ ನೆಲದ ಮೇಲೆ ಬಿದ್ದ ನಂತರವೇ ಪೂರ್ತಿ ಬಿಗಿದರು. ಚಕ್ರ ನೇತಾಡುವಾಗಲೇ ಬಿಗಿದರೆ, ಗಾಡಿ ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಅಂಗಡಿಯಲ್ಲಿಯೂ ಬರೀ ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಪಡಿಸಿ ಕಳಿಸಲು ಬಿಡದೆ, ಲೋವರ್ ಆರ್ಮಿನ ಕ್ಯಾಮ್ ಬೋಲ್ಟಿನಲ್ಲಿ ಕ್ಯಾಂಬರ್ (ಚಕ್ರದ ಒಳ-ಹೊರ ವಾಲಿಕೆ) ಮತ್ತು ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂದೆ-ಮುಂದೆ ವಾಲಿಕೆ) ಕೂಡ ಹೊಂದಿಸಿ, ಕೊನೆಯ ಅಳತೆಯ ಕಾಗದವನ್ನು ಕೇಳಿ ಪಡೆಯಿರಿ ಎಂದು ಬರೆದುಕೊಟ್ಟರು. ಅಂದಿನಿಂದ 4,000 ಕಿ.ಮೀ. ಓಡಿದೆ, ಸದ್ದಿಲ್ಲ.

ಮೊದಲಿನ ಗ್ಯಾರೇಜಿಗೆ ಹೋಗಿ ನನ್ನ ಹಳೆಯ ರ‍್ಯಾಕ್ ಕೇಳಿದಾಗ ಗುಜರಿಗೆ ಹೋಯಿತೆಂದರು. ಬೇರೆ ಯಾವ ಗಾಡಿಯ ಕೆಳಗೆ ಹೋಯಿತೋ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ನನ್ನ ಕೈಯಲ್ಲಿರುವುದು ಫೋನಿನಲ್ಲಿ ಹಣ ಕಳಿಸಿದ ದಾಖಲೆ ಮತ್ತು "ರ‍್ಯಾಕ್ ಕೆಲಸ 46" ಎಂದು ಪೆನ್ಸಿಲಿನಲ್ಲಿ ಬರೆದ ಒಂದು ಚೀಟಿ. ಬಿಲ್ಲು ಬೇಕೆಂದು ಅಂದು ನಾನು ಕೇಳಲಿಲ್ಲ. ಬಿಲ್ಲಾದರೆ ತೆರಿಗೆ ಸೇರುತ್ತದೆ ಎಂದಿದ್ದರು.