ಜೆಲಟಿನ್ ಬೇಡದ ಜೋಳದ ಬ್ರೆಡ್: ಚೈನಾ ಗ್ರಾಸ್, ಅಗಸೆ, ಇಸಬ್ಗೋಲ್

ಮಗಳಿಗೆ ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಆಗದ ಕಾಯಿಲೆ) ಇದೆ, ಗೋಧಿ ಮುಟ್ಟುವಂತಿಲ್ಲ. ಗೋಧಿ ಇಲ್ಲದ ಬ್ರೆಡ್ ಹುಡುಕಿದರೆ ಆ ಅಂಟಿನ ಬದಲಿಗೆ ಕೆಲವು ರೆಸಿಪಿಗಳಲ್ಲಿ ಜೆಲಟಿನ್ ಹಾಕಿ ಅಂತಿರುತ್ತದೆ. ಅದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು. ನಮ್ಮ ಮನೆಯಲ್ಲಿ ಆಗದ ಮಾತು. ಹಾಗಾಗಿ ಮೂರು ಭಾನುವಾರ ಒಂದೇ ಅಳತೆಯ ಹಿಟ್ಟು ಹಿಡಿದು ಕೂತೆ: 150 ಗ್ರಾಂ ಜೋಳ, 100 ಗ್ರಾಂ ಅಕ್ಕಿ, 50 ಗ್ರಾಂ ಮರಗೆಣಸಿನ ಪಿಷ್ಟ. (ಜೋಳ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿದ್ದು. ಗಿರಣಿಯಲ್ಲಿ ಗೋಧಿ ಬೆರೆಯುತ್ತದೆ, ಅದೇ ಭಯ.)

ಜಾಸ್ತಿ ನಂಬಿದ್ದು ಚೈನಾ ಗ್ರಾಸನ್ನು, ಅಂದರೆ ಸಮುದ್ರದ ಪಾಚಿಯಿಂದ ತೆಗೆದ ಅಗರ್ ಅಗರ್. ಪುಡ್ಡಿಂಗ್‌ಗೆ ಜೆಲಟಿನ್ ಬದಲು ಅದನ್ನೇ ಹಾಕುತ್ತೇವೆ, ಅಲ್ವಾ? ಬ್ರೆಡ್‌ನಲ್ಲಿ ಮಾತ್ರ ಪೂರ್ತಿ ಕೈಕೊಟ್ಟಿತು. ಅದನ್ನು ಕುದಿಸಲೇಬೇಕು. ಬಿಸಿಬಿಸಿ ಸುರಿದರೆ ಯೀಸ್ಟ್ ಸಾಯುತ್ತದೆ. ಆರಿಸೋಣ ಅಂದರೆ 35-40 ಡಿಗ್ರಿಗೆ ಬರುವಷ್ಟರಲ್ಲಿ ಅದೇ ಹೆಪ್ಪುಗಟ್ಟುತ್ತದೆ. ಹಿಟ್ಟೆಲ್ಲ ಹರಳು ಹರಳು. ಇನ್ನು ಓವನ್‌ನಲ್ಲಿ ಸುಮಾರು 85 ಡಿಗ್ರಿ ದಾಟಿದಾಗ ಮತ್ತೆ ಕರಗಿತು, ಬ್ರೆಡ್‌ನ ನಡು ಕುಸಿಯಿತು. ಕೇಕ್ ಮೇಲಿನ ಹಣ್ಣಿನ ಪದರಕ್ಕಾದರೆ ಈಗಲೂ ಅದೇ ನನ್ನ ಆಯ್ಕೆ. ಜೆಲಟಿನ್‌ನಂತೆ ಬಾಯಲ್ಲಿ ಕರಗುವುದಿಲ್ಲ, ಅಷ್ಟೆ.

ಅಗಸೆ ಪುಡಿ ಎರಡು ಚಮಚ ನೆನೆಸಿದೆ. ಬ್ರೆಡ್ ಕುಸಿಯಲಿಲ್ಲ, ಏಳಲೂ ಇಲ್ಲ. ಮಫಿನ್‌ಗೆ ಪರವಾಗಿಲ್ಲ. ವಾಸನೆ ಮಾತ್ರ ಚಟ್ನಿಪುಡಿಯನ್ನೇ ನೆನಪಿಸುತ್ತದೆ.

ಗೆದ್ದದ್ದು ಇಸಬ್ಗೋಲ್, ಮಲಬದ್ಧತೆಗೆ ನೀರಲ್ಲಿ ಕಲಸಿ ಕುಡಿಯುವ ಬೀಜದ ಹೊಟ್ಟು. ಮೆಡಿಕಲ್ ಶಾಪ್‌ನಲ್ಲಿ ಎರಡು ಪ್ಯಾಕೆಟ್ ಕೇಳಿದಾಗ ಅಂಗಡಿಯವರು ಮರುಕದಿಂದ ನೋಡಿದರು, ಇರಲಿ. 15 ಗ್ರಾಂ ಹೊಟ್ಟನ್ನು 330 ಮಿ.ಲೀ. ನೀರಿಗೆ ಹಾಕಿದರೆ ಐದೇ ನಿಮಿಷಕ್ಕೆ ಗಟ್ಟಿ ಲೋಳೆ. ಅದರಲ್ಲಿ ಕಲಸಿದ ಹಿಟ್ಟನ್ನು ನಾದಬಹುದು, ಉಂಡೆ ಕಟ್ಟಬಹುದು. ಬಿಸಿಗೂ ಈ ಲೋಳೆ ನೀರಾಗದೆ ಯೀಸ್ಟ್‌ನ ಗಾಳಿಯನ್ನು ಹಿಡಿದಿಡುತ್ತದೆ. ಕಿತ್ತಳೆ ರುಚಿ, ಸಕ್ಕರೆ ಸೇರಿಸಿದ ಪುಡಿ ತರಬೇಡಿ, ಸಾದಾ ಹೊಟ್ಟೇ ಬೇಕು. ಮತ್ತೆ, ಓವನ್‌ನಿಂದ ತೆಗೆದು ಎರಡು ಗಂಟೆ ಸುಮ್ನೆ ಬಿಡಿ. ನಾನು ತಡೆಯಲಾರದೆ ಬಿಸಿಯಲ್ಲೇ ಕೊಯ್ದೆ, ಚಾಕುವಿಗೆಲ್ಲ ಅಂಟು.

ಇದನ್ನೆಲ್ಲ ನೋಡುತ್ತಿದ್ದ ಅತ್ತೆ, "ಜ್ವಾಳದ ಹಿಟ್ಟಿಗೆ ಎಸರು ಹಾಕೂದಿಲ್ಲೇನು? ಇದಕ್ಕೂ ಹಾಕಿ ನೋಡು" ಅಂದರು. ನಾಲ್ಕನೇ ಭಾನುವಾರ 50 ಗ್ರಾಂ ಜೋಳದ ಹಿಟ್ಟಿಗೆ ಎಸರು (ಕುದಿಯುವ ನೀರು) ಹಾಕಿ, ಆರಿದ ಮೇಲೆ ಉಳಿದದ್ದರ ಜೊತೆ ಕಲಸಿದೆ. ಇಸಬ್ಗೋಲ್ 10 ಗ್ರಾಂ ಸಾಕಾಯಿತು.