ಹೆರಿಗೆ ಎಲ್ಲಿ, ದುಡ್ಡು ಯಾರದು: ಸರ್ಕಾರಿ ಆಸ್ಪತ್ರೆ, ಇಎಸ್‌ಐ, ಕಂಪನಿ ವಿಮೆ, ಪ್ಯಾಕೇಜ್

ಗಂಡನ ಕೆಲಸ ಬೆಂಗಳೂರಿನಲ್ಲಿ, ತವರು ಹಾವೇರಿ ಹತ್ತಿರದ ಹಳ್ಳಿ. ತಾಯಿ ಕಾರ್ಡ್ ಮಾಡಿಸಿದ್ದು ಒಂದು ಕಡೆ, ಸ್ಕ್ಯಾನಿಂಗ್ ಆಗಿದ್ದು ಇನ್ನೊಂದು ಕಡೆ, ವಿಮೆಯ ಕಾರ್ಡು ಗಂಡನ ಫೋನಿನಲ್ಲಿ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಮಗಳನ್ನು ತವರಿಗೆ ಕರೆದುಕೊಂಡು ಹೋಗುತ್ತಾರೆ. ಹೆರಿಗೆ ಖರ್ಚಿನ ಲೆಕ್ಕ ಹೆಚ್ಚಾಗಿ ತಪ್ಪುವುದು ಇಲ್ಲಿಂದಲೇ. ಬೆಂಗಳೂರಿನಲ್ಲಿ ಒಂದು ರೂಪಾಯಿ ಕೊಡದೆ ಆಗಬಹುದಾಗಿದ್ದ ಹೆರಿಗೆಗೆ ತವರಿನಲ್ಲಿ ಸಾಲ ಮಾಡಬೇಕಾಗುತ್ತದೆ. ಆದ್ದರಿಂದ ಯಾವ ಆಸ್ಪತ್ರೆ ಅಗ್ಗ ಎಂದು ಕೇಳುವ ಮೊದಲು ಹೆರಿಗೆ ಯಾವ ಊರಿನಲ್ಲಿ ಎಂದು ತೀರ್ಮಾನ ಮಾಡಿ. ಐದನೇ ತಿಂಗಳೊಳಗೆ ಮಾಡಿದರೆ ಒಳ್ಳೆಯದು.

ಮುಂದೆ ಹೇಳುವ ನಾಲ್ಕೂ ದಾರಿಗಳಲ್ಲಿ ಅರ್ಜಿ ಬರೆದು, ಬಿಲ್ಲು ಕಟ್ಟಿ, ಕ್ಲೇಮು ಹಾಕಿ ನೋಡಿದ ಅನುಭವದಿಂದ ಈ ಹೋಲಿಕೆ. ಅಳತೆಗೋಲು ಎರಡು. ಕೊನೆಗೆ ಕೈಯಿಂದ ಹೋಗುವ ದುಡ್ಡು ಎಷ್ಟು? ರಾತ್ರಿ ಎರಡು ಗಂಟೆಗೆ ಸಿಸೇರಿಯನ್ ಬೇಕಾದರೆ, ಇಲ್ಲವೇ ಮಗುವನ್ನು ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ) ಹಾಕಬೇಕಾದರೆ ಆ ದಾರಿ ತಡೆದುಕೊಳ್ಳುತ್ತದೆಯೇ?

ಸರ್ಕಾರಿ ಆಸ್ಪತ್ರೆ

2011ರ ಜೂನ್ 1ರಂದು ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಗುವ ಯಾವ ಹೆಂಗಸಿನಿಂದಲೂ ದುಡ್ಡು ತೆಗೆದುಕೊಳ್ಳುವಂತಿಲ್ಲ. ಬಿಪಿಎಲ್ ಕಾರ್ಡ್ ಇರಲೇಬೇಕೆಂದಿಲ್ಲ. ಸಹಜ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ ಎಲ್ಲವೂ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನದವರೆಗೆ ಊಟವೂ ಸೇರಿದೆ. ಮನೆಯಿಂದ ಆಸ್ಪತ್ರೆಗೆ 108, ಬಾಣಂತಿ ಮಗು ಮನೆಗೆ ಹೋಗಲು ನಗು-ಮಗು ವಾಹನ. ಒಂದು ವರ್ಷದೊಳಗಿನ ಮಗುವಿಗೆ ಕಾಯಿಲೆಯಾದರೆ ಅದರ ಚಿಕಿತ್ಸೆಯೂ ಇದರಲ್ಲೇ ಬರುತ್ತದೆ. ಈ ಕೊನೆಯ ಮಾತನ್ನು ಯಾರೂ ಗಮನಿಸುವುದಿಲ್ಲ. ದುಡ್ಡಿನ ದೃಷ್ಟಿಯಿಂದ ನೋಡಿದರೆ ಅತಿ ದೊಡ್ಡ ರಕ್ಷಣೆ ಇರುವುದು ಅದರಲ್ಲೇ.

ಕಾಗದದ ಮೇಲೆ ಸೊನ್ನೆ ಖರ್ಚು ಎಂದಿದ್ದರೂ ಕೈಯಿಂದ ದುಡ್ಡು ಸೋರುವ ಜಾಗಗಳಿವೆ. ಸ್ಟಾಕ್ ಇಲ್ಲ ಎಂದು ಹೊರಗಿನ ಮೆಡಿಕಲ್‌ಗೆ ಚೀಟಿ ಬರೆದುಕೊಡುತ್ತಾರೆ. ಸ್ಕ್ಯಾನಿಂಗ್‌ಗೆ ಹೊರಗೆ ಕಳಿಸುತ್ತಾರೆ. ಮಗುವನ್ನು ಕೈಗೆ ಕೊಡುವಾಗ ‘ಖುಷಿಗೆ’ ಎಂದು ಕೇಳುತ್ತಾರೆ. ಚೀಟಿ ಬಂದಾಗ ಜಗಳ ಬೇಡ. ಆಸ್ಪತ್ರೆಯ ಮುದ್ರೆ ಇರುವ ಚೀಟಿಯಲ್ಲೇ ಬರೆದುಕೊಡಿ ಎಂದು ಕೇಳಿ, ಬಿಲ್ಲು ಇಟ್ಟುಕೊಳ್ಳಿ, ವೈದ್ಯಾಧಿಕಾರಿಗೆ ಲಿಖಿತವಾಗಿ ಕೊಡಿ. 104 ಸಹಾಯವಾಣಿಯಲ್ಲೂ ದೂರು ಹೇಳಬಹುದು. ಬರವಣಿಗೆಯಲ್ಲಿ ಕೇಳಿದ ಕೂಡಲೇ ಎಷ್ಟೋ ಸಲ ಔಷಧಿ ಒಳಗಿನಿಂದಲೇ ಬರುತ್ತದೆ.

ನಿಜವಾದ ತೊಂದರೆ ರೆಫರಲ್‌ನದು. ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರ್ ಇದ್ದರೂ ರಾತ್ರಿ ಅರಿವಳಿಕೆ ಡಾಕ್ಟರ್ ಇಲ್ಲದಿದ್ದರೆ ಸಿಸೇರಿಯನ್ ಆಗುವುದಿಲ್ಲ, ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ಆ ಗಾಬರಿಯಲ್ಲಿ ಮನೆಯವರು ದಾರಿಯಲ್ಲಿ ಸಿಕ್ಕ ನರ್ಸಿಂಗ್ ಹೋಮಿಗೆ ನುಗ್ಗುತ್ತಾರೆ. ಉಚಿತ ಹೆರಿಗೆ ದುಬಾರಿಯಾಗುವುದು ಹೀಗೆಯೇ. ಅದಕ್ಕೇ ಏಳನೇ ತಿಂಗಳಲ್ಲಿ ಆಶಾ ಅಕ್ಕನನ್ನೋ ಆಸ್ಪತ್ರೆಯ ಸ್ಟಾಫ್ ನರ್ಸನ್ನೋ ನೇರವಾಗಿ ಮೂರು ಮಾತು ಕೇಳಿ: ರಾತ್ರಿ ಸಿಸೇರಿಯನ್ ಮಾಡುತ್ತೀರಾ? ರಕ್ತ ಇಲ್ಲೇ ಸಿಗುತ್ತದೆಯೇ? ನವಜಾತ ಶಿಶುಗಳ ಘಟಕ ಇದೆಯೇ? ಹಿಂದಿನದು ಸಿಸೇರಿಯನ್ ಆಗಿದ್ದರೆ, ಬಿಪಿ ಏರಿದ್ದರೆ, ಅವಳಿ ಇದ್ದರೆ, ಮಾಸು ಕೆಳಗಿದ್ದರೆ, ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದ್ದರೆ ತಾಲ್ಲೂಕು ಆಸ್ಪತ್ರೆಯನ್ನು ನಂಬಿ ಕೂರಬೇಡಿ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಶನ್‌ನಂಥ ದೊಡ್ಡ ಹೆರಿಗೆ ಆಸ್ಪತ್ರೆಗಳಲ್ಲಿ, ಇಲ್ಲವೇ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಮೊದಲೇ ತೋರಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಅಲ್ಲಿ ಗದ್ದಲ ಜಾಸ್ತಿ, ಮಂಚ ಸಿಗುವುದು ಕಷ್ಟ, ಜೊತೆಯವರು ಕಾರಿಡಾರಿನಲ್ಲೇ ಮಲಗಬೇಕು. ಆದರೆ ರಾತ್ರಿ ಎರಡು ಗಂಟೆಗೂ ಆಪರೇಷನ್ ಥಿಯೇಟರ್ ನಡೆಯುತ್ತಿರುತ್ತದೆ. ಅಪಾಯದ ಗರ್ಭಕ್ಕೆ ಸಣ್ಣ ಖಾಸಗಿ ನರ್ಸಿಂಗ್ ಹೋಮಿಗಿಂತ ಇದೇ ಮೇಲು ಎಂದು ಅನುಮಾನವಿಲ್ಲದೆ ಹೇಳುತ್ತೇವೆ.

ಇಎಸ್‌ಐ

ತಿಂಗಳ ಸಂಬಳ 21,000 ರೂಪಾಯಿಯೊಳಗಿರುವ ಗಾರ್ಮೆಂಟ್ಸ್, ಕಾರ್ಖಾನೆ, ಸೆಕ್ಯುರಿಟಿ, ಅಂಗಡಿ ಕೆಲಸದವರಿಗೆ ಇಎಸ್‌ಐಗಿಂತ, ಅಂದರೆ ನೌಕರರ ರಾಜ್ಯ ವಿಮೆಗಿಂತ, ಒಳ್ಳೆಯ ದಾರಿ ಬೇರೆ ಇಲ್ಲ. ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿಯುತ್ತಾರೆ, ಮಾಲೀಕರು ಮೂರೂಕಾಲು ರೂಪಾಯಿ ಸೇರಿಸುತ್ತಾರೆ. ಕೆಲಸಕ್ಕೆ ಹೋಗುವ ಹೆಂಗಸಿನ ಹೆಸರಿನಲ್ಲೇ ಇಎಸ್‌ಐ ಇದ್ದರೆ ಚಿಕಿತ್ಸೆ ಉಚಿತವಾಗುವುದರ ಜೊತೆಗೆ 26 ವಾರದ ಪೂರ್ತಿ ಕೂಲಿ ಬರುತ್ತದೆ. ದಿನದ ಸರಾಸರಿ 600 ರೂಪಾಯಿ ಎಂದಿಟ್ಟುಕೊಂಡರೆ 182 ದಿನಕ್ಕೆ 1,09,200 ರೂಪಾಯಿ. ಮುಂದೆ ಹೇಳುವ ಯೋಜನೆಗಳ ಐದಾರು ಸಾವಿರವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಗಂಡನ ಹೆಸರಿನಲ್ಲಿ ಮಾತ್ರ ಇಎಸ್‌ಐ ಇದ್ದರೆ ಹೆಂಡತಿಗೆ ಚಿಕಿತ್ಸೆ ಸಿಗುತ್ತದೆ, ಕೂಲಿ ಸಿಗುವುದಿಲ್ಲ. ಇದನ್ನು ತಿಳಿಯದೆ ಬ್ರಾಂಚ್ ಆಫೀಸಿಗೆ ನಾಲ್ಕು ಸಲ ಅಲೆದವರು ಬಹಳ.

ಕೂಲಿ ಬರಬೇಕಾದರೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಕಟ್ಟಿರಬೇಕು. ಅವಧಿ ಎಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಎಡವುವುದು ಇಲ್ಲೇ. ಗುತ್ತಿಗೆದಾರ ಸಂಬಳದಲ್ಲಿ ಹಿಡಿದಿರುತ್ತಾನೆ, ಕಟ್ಟಿರುವುದಿಲ್ಲ. ಬಸುರಿ ಎಂದು ಗೊತ್ತಾದ ವಾರವೇ ಇಎಸ್‌ಐ ನಂಬರ್ ಹಾಕಿ ಪೋರ್ಟಲ್‌ನಲ್ಲಿ ತಿಂಗಳುವಾರು ವಂತಿಗೆ ನೋಡಿ. ತಿಂಗಳು ಖಾಲಿ ಇದ್ದರೆ ಆಗಲೇ ಕೇಳಿ, ಎಂಟನೇ ತಿಂಗಳಲ್ಲಿ ಕೇಳಿದರೆ ಸರಿಮಾಡಲು ಸಮಯವಿರುವುದಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಇಎಸ್‌ಐನಲ್ಲಿ ಇನ್ನೊಂದು ಇನಿಶಿಯಲ್ ಇದ್ದರೂ ಕ್ಲೇಮು ನಿಲ್ಲುತ್ತದೆ.

ತವರಿನ ಪ್ರಶ್ನೆ ಇಲ್ಲಿ ಮತ್ತೆ ಎದ್ದು ಬರುತ್ತದೆ. ರಾಜಾಜಿನಗರ, ಪೀಣ್ಯ, ಇಂದಿರಾನಗರದ ಇಎಸ್‌ಐ ಆಸ್ಪತ್ರೆಗಳು ಬೆಂಗಳೂರಿನಲ್ಲಿವೆ, ತವರಿನಲ್ಲಿಲ್ಲ. ಇಎಸ್‌ಐ ಸೌಲಭ್ಯವಿಲ್ಲದ ಕಡೆ ಹೆರಿಗೆಯಾದರೆ ಹೆರಿಗೆ ವೆಚ್ಚ ಎಂದು 7,500 ರೂಪಾಯಿ ಕೊಡುತ್ತಾರೆ, ಅದೂ ಎರಡು ಹೆರಿಗೆಗೆ ಮಾತ್ರ. ಖಾಸಗಿ ಆಸ್ಪತ್ರೆಯ ಬಿಲ್ಲಿಗೆ ಅದು ಎಲ್ಲಿ ಸಾಲುತ್ತದೆ? ತವರಿಗೆ ಹೋಗಲೇಬೇಕೆಂದಿದ್ದರೆ ಹೆರಿಗೆ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಾಗಲಿ, 26 ವಾರದ ಕೂಲಿಯನ್ನು ಇಎಸ್‌ಐನಿಂದ ಪಡೆಯಿರಿ. ಕೂಲಿ ಸಿಗಲು ಹೆರಿಗೆ ಇಎಸ್‌ಐ ಆಸ್ಪತ್ರೆಯಲ್ಲೇ ಆಗಬೇಕೆಂದಿಲ್ಲ.

ಕಂಪನಿಯ ಗುಂಪು ವಿಮೆ

ಹೆಚ್ಚಿನ ಕಂಪನಿ ಪಾಲಿಸಿಗಳಲ್ಲಿ ಹೆರಿಗೆಗೆ ಕಾಯುವ ಅವಧಿ ಇರುವುದಿಲ್ಲ. ಕೆಲಸಕ್ಕೆ ಸೇರಿದ ದಿನದಿಂದಲೇ ರಕ್ಷಣೆ. ಸ್ವಂತವಾಗಿ ಕೊಂಡ ಪಾಲಿಸಿಯಲ್ಲಾದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ ಕಾಯಬೇಕು. ಬಸುರಾದ ಮೇಲೆ ಕೊಂಡ ಪಾಲಿಸಿಯಿಂದ ಆ ಹೆರಿಗೆಗೆ ಏನೂ ಸಿಗುವುದಿಲ್ಲ.

ವಿಮೆ 5 ಲಕ್ಷದ್ದಿದ್ದರೂ ಹೆರಿಗೆಗೆ ಪ್ರತ್ಯೇಕ ಮಿತಿ ಇರುತ್ತದೆ. ಸಹಜ ಹೆರಿಗೆಗೆ 50,000, ಸಿಸೇರಿಯನ್‌ಗೆ 75,000 ಎಂಬಂಥವು ಮಾಮೂಲಿ. ಅದಕ್ಕಿಂತ ಅಪಾಯದ್ದು ರೂಮು ಬಾಡಿಗೆಯ ಮಿತಿ. ಒಂದು ಬಿಲ್ಲನ್ನು ಬಿಡಿಸಿ ನೋಡೋಣ.

ಹೆರಿಗೆ ಮಿತಿ 75,000, ರೂಮು ಮಿತಿ ದಿನಕ್ಕೆ 4,000 ಎಂದಿರಲಿ. 3 ದಿನ ಇದ್ದೀರಿ. ಡಾಕ್ಟರ್ ಫೀಸು, ಲೇಬರ್ ರೂಮು, ನರ್ಸಿಂಗ್ ಸೇರಿ 45,000. ಔಷಧಿ 12,000. ಪರೀಕ್ಷೆ 5,000. ಪ್ಯಾಡು, ಗ್ಲೌಸು, ಬೇಬಿ ಕಿಟ್, ಫೈಲ್ ಚಾರ್ಜ್ ಎಂದು ವಿಮೆ ಕೊಡದ ಬಾಬ್ತು 4,000. ನೀವು 4,000ದ ರೂಮನ್ನೇ ತೆಗೆದುಕೊಂಡರೆ ಬಿಲ್ಲು 78,000, ವಿಮೆ 74,000, ನಿಮ್ಮ ಕೈಯಿಂದ 4,000. ಕಿಟಕಿ ಚೆನ್ನಾಗಿದೆ ಎಂದು 6,000ದ ರೂಮು ಹಿಡಿದರೆ ಬಿಲ್ಲು 84,000. ಈಗ ವಿಮೆಯವರು ರೂಮು ಬಾಡಿಗೆಯ ಜೊತೆಗೆ 45,000ದ ಬಾಬ್ತನ್ನೂ ಅದೇ ಅನುಪಾತದಲ್ಲಿ, ಅಂದರೆ ಮೂರನೇ ಎರಡಕ್ಕೆ ಇಳಿಸುತ್ತಾರೆ. ರೂಮು 12,000, ಡಾಕ್ಟರ್ ಬಾಬ್ತು 30,000, ಔಷಧಿ 12,000, ಪರೀಕ್ಷೆ 5,000, ಒಟ್ಟು 59,000. ನಿಮ್ಮ ಕೈಯಿಂದ 25,000. ರೂಮಿನ ವ್ಯತ್ಯಾಸ 6,000, ಜೇಬಿಗೆ ಬಿದ್ದ ಪೆಟ್ಟು 21,000. ಎಷ್ಟೋ ಆಸ್ಪತ್ರೆಗಳಲ್ಲಿ ರೂಮು ಏರಿದಂತೆ ಡಾಕ್ಟರ್ ಫೀಸೂ ಏರುತ್ತದೆ, ಆಗ ಪೆಟ್ಟು ಇನ್ನೂ ದೊಡ್ಡದು. ಅಡ್ಮಿಶನ್ ಕೌಂಟರಿನಲ್ಲಿ ಮಿತಿಯೊಳಗಿನ ರೂಮು ಖಾಲಿ ಇಲ್ಲ ಎಂದು ಹೇಳಿದರೆ, ಖಾಲಿಯಾದ ಕೂಡಲೇ ಬದಲಾಯಿಸಿ ಎಂದು ಬರೆದುಕೊಡಿ.

ಎಚ್‌ಆರ್‌ಗೆ ಕೇಳಬೇಕಾದ ಮುಖ್ಯ ಪ್ರಶ್ನೆ ಮಗುವಿನದು. ಮೊದಲ ದಿನದಿಂದ ಮಗುವಿಗೆ ರಕ್ಷಣೆ ಇದೆಯೇ? ಇದ್ದರೆ ಅದು ಹೆರಿಗೆ ಮಿತಿಯ ಒಳಗೋ, ಒಟ್ಟು ವಿಮಾ ಮೊತ್ತದಿಂದಲೋ? ಒಳಗೆ ಎಂದಾದರೆ ತಾಯಿಯ ಸಿಸೇರಿಯನ್‌ಗೇ ಮಿತಿ ಮುಗಿದು ಎನ್‌ಐಸಿಯುಗೆ ಏನೂ ಉಳಿಯುವುದಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಗು ವಾರಗಟ್ಟಲೆ ಒಳಗಿದ್ದರೆ ತಾಯಿಯ ಬಿಲ್ಲಿಗಿಂತ ಮಗುವಿನ ಬಿಲ್ಲೇ ದೊಡ್ಡದಾಗುತ್ತದೆ.

ಗಂಡ ಹೆಂಡತಿ ಇಬ್ಬರಿಗೂ ಕಂಪನಿ ವಿಮೆ ಇದ್ದು, ಎರಡರಲ್ಲೂ ಹೆಂಡತಿಯ ಹೆಸರಿದ್ದರೆ ಮೊದಲನೆಯದು ಕೊಟ್ಟು ಉಳಿದದ್ದನ್ನು ಎರಡನೆಯದರಲ್ಲಿ ಕೇಳಬಹುದು. ಅದಕ್ಕೆ ಮೊದಲ ವಿಮೆಯ ಸೆಟಲ್‌ಮೆಂಟ್ ಪತ್ರ, ಬಾಬ್ತುವಾರು ಬಿಲ್ಲು, ಡಿಸ್ಚಾರ್ಜ್ ಸಮ್ಮರಿಯ ದೃಢೀಕೃತ ಪ್ರತಿ ಬೇಕು. ಆಸ್ಪತ್ರೆ ಬಿಡುವ ಮೊದಲೇ ಎರಡು ಸೆಟ್ ತೆಗೆದುಕೊಳ್ಳಿ. ಡಿಸ್ಚಾರ್ಜ್ ದಿನ ಗಂಟೆಗಟ್ಟಲೆ ಕೂರಿಸಿದರೆ 2024ರ ನಿಯಮವನ್ನು ನೆನಪಿಸಿ: ಆಸ್ಪತ್ರೆ ಕೋರಿಕೆ ಕಳಿಸಿದ 3 ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ತವರಿನ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಇದೆಯೇ ಎಂಬುದನ್ನು ಸೀಮಂತಕ್ಕೆ ಮುಂಚೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಪೂರ್ತಿ ದುಡ್ಡು ಮೊದಲು ನೀವೇ ಕಟ್ಟಬೇಕು.

ಕೈದುಡ್ಡಿನ ಪ್ಯಾಕೇಜ್

ಪ್ಯಾಕೇಜ್ ಎಂಬ ಮಾತಿಗೆ ಮಾರುಹೋಗುವವರೇ ಹೆಚ್ಚು. ಬೋರ್ಡಿನ ಮೇಲಿನ ಮೊತ್ತ ತೊಡಕಿಲ್ಲದ ಹೆರಿಗೆಗೆ ಮಾತ್ರ. ಸಾಮಾನ್ಯವಾಗಿ ಹೊರಗೆ ಉಳಿಯುವುದು ಎಪಿಡ್ಯೂರಲ್ (ಹೆರಿಗೆ ನೋವು ಕಡಿಮೆ ಮಾಡಲು ಬೆನ್ನಿಗೆ ಕೊಡುವ ಇಂಜೆಕ್ಷನ್), ಮಕ್ಕಳ ಡಾಕ್ಟರ್ ಭೇಟಿ, ಕಾಮಾಲೆಗೆ ಬೆಳಕಿನ ಚಿಕಿತ್ಸೆ, ಎನ್‌ಐಸಿಯು, ರಕ್ತ, ನೆಗೆಟಿವ್ ರಕ್ತದ ಗುಂಪಿನ ತಾಯಿಗೆ ಆಂಟಿ-ಡಿ ಇಂಜೆಕ್ಷನ್, ಹೆಚ್ಚಿನ ದಿನದ ಬಾಡಿಗೆ. ಸಹಜ ಹೆರಿಗೆಯ ಪ್ಯಾಕೇಜ್ ನಡುವೆ ಸಿಸೇರಿಯನ್‌ಗೆ ತಿರುಗಿದರೆ ಎಷ್ಟು ಎಂಬುದನ್ನು ಬರೆಸಿಕೊಳ್ಳಿ. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಪ್ರದರ್ಶಿಸಬೇಕೆಂದು ಕರ್ನಾಟಕದ ಕಾಯ್ದೆಯೇ ಹೇಳುತ್ತದೆ, ಕೇಳಲು ಸಂಕೋಚ ಬೇಡ. ವಿಮೆ ಇಲ್ಲದೆ ಖಾಸಗಿಗೇ ಹೋಗಬೇಕೆಂದಿದ್ದರೆ ಮಿಷನ್ ಅಥವಾ ಟ್ರಸ್ಟ್ ಆಸ್ಪತ್ರೆಯ ಜನರಲ್ ವಾರ್ಡ್ ನೋಡಿ. ಅದೇ ಡಾಕ್ಟರ್, ಅದೇ ಥಿಯೇಟರ್, ಬಿಲ್ಲು ಮಾತ್ರ ಕಡಿಮೆ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಖಾಸಗಿಯಲ್ಲಿ ಹೆರಿಗೆ ಉಚಿತ ಎಂದುಕೊಳ್ಳಬೇಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇರುವುದು ನಿಜ. ಆದರೆ ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಮೊದಲು ಖಾಸಗಿಗೆ ಸೇರಿ, ಆಮೇಲೆ ರೆಫರಲ್‌ಗೆ ಓಡಿದರೆ ಆಗುವುದಿಲ್ಲ.

ಕೈಗೆ ಬರುವ ದುಡ್ಡು

ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000: ಬಸುರಿ ನೋಂದಣಿ ಮತ್ತು ತಪಾಸಣೆ ಆದ ಮೇಲೆ 3,000, ಮಗುವಿನ 14 ವಾರದ ಲಸಿಕೆ ಮುಗಿದ ಮೇಲೆ 2,000. ಎರಡನೆಯದು ಹೆಣ್ಣಾದರೆ ಒಂದೇ ಕಂತಿನಲ್ಲಿ 6,000. ಬಿಪಿಎಲ್ ಕಾರ್ಡ್, ನರೇಗಾ ಜಾಬ್ ಕಾರ್ಡ್, ಇ-ಶ್ರಮ ಕಾರ್ಡ್, 8 ಲಕ್ಷಕ್ಕಿಂತ ಕಡಿಮೆ ವಾರ್ಷಿಕ ಆದಾಯ ಇಂಥವುಗಳಲ್ಲಿ ಒಂದಿದ್ದರೆ ಸಾಕು. ಅರ್ಜಿ ಅಂಗನವಾಡಿಯಲ್ಲಿ. ದುಡ್ಡು ನಿಲ್ಲುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ: ಖಾತೆ ಹೆಂಡತಿಯದಾಗಿರುವುದಿಲ್ಲ, ಅಥವಾ ಅವಳ ಆಧಾರ್ ಆ ಖಾತೆಗೆ ಜೋಡಣೆಯಾಗಿರುವುದಿಲ್ಲ. ಕಾನೂನಿನ ಪ್ರಕಾರ ಸಂಬಳ ಸಹಿತ ಹೆರಿಗೆ ರಜೆ ಪಡೆಯುವವರಿಗೆ ಇದು ಸಿಗದು. ಅವರ ಹಕ್ಕು 26 ವಾರದ ರಜೆ, ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ. ಮಾಲೀಕರು ವೈದ್ಯಕೀಯ ಆರೈಕೆ ಒದಗಿಸದಿದ್ದರೆ 3,500 ರೂಪಾಯಿ ಬೋನಸ್ ಕೂಡ ಕೊಡಬೇಕು, ಕೇಳಿ ಪಡೆಯಿರಿ.

ಜನನಿ ಸುರಕ್ಷಾ ಯೋಜನೆಯಲ್ಲಿ (ಮೇಲೆ ಹೇಳಿದ ಜನನಿ ಶಿಶು ಸುರಕ್ಷಾ ಬೇರೆ) ಬಿಪಿಎಲ್, ಪರಿಶಿಷ್ಟ ಜಾತಿ ಮತ್ತು ಪಂಗಡದ ತಾಯಂದಿರಿಗೆ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600. ಸಣ್ಣ ಮೊತ್ತ, ಬಿಡಬೇಡಿ. ಗಾರೆ, ಸೆಂಟ್ರಿಂಗ್, ಕಲ್ಲು ಹೊರುವ ಕೆಲಸದ ಹೆಂಗಸರಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ತಾಯಿ ಲಕ್ಷ್ಮಿ ಬಾಂಡ್ ಇವೆಲ್ಲಕ್ಕಿಂತ ದೊಡ್ಡದು: ಮೊದಲ ಎರಡು ಮಕ್ಕಳಿಗೆ ತಲಾ 50,000. ಆದರೆ ಮಂಡಳಿಯ ಕಾರ್ಡು ಹೆಂಗಸಿನ ಹೆಸರಿನಲ್ಲೇ ಇರಬೇಕು, ಅದು ಚಾಲ್ತಿಯಲ್ಲಿರಬೇಕು. ಗಂಡ ಹೆಂಡತಿ ಇಬ್ಬರೂ ದುಡಿದರೂ ಗಂಡನ ಹೆಸರಿನಲ್ಲಿ ಮಾತ್ರ ಕಾರ್ಡು ಮಾಡಿಸಿ ಇದನ್ನು ಕಳೆದುಕೊಳ್ಳುವುದು ನೋಡಿದರೆ ಸಂಕಟವಾಗುತ್ತದೆ.

ಹೆರಿಗೆಯಾದ ಮೇಲೆ ಬಾಣಂತನದ ನಡುವೆ ಮರೆಯಬಾರದ್ದು: ಜನನ ನೋಂದಣಿ 21 ದಿನದೊಳಗೆ, ಮಗುವಿನ ಹೆಸರು ಕಂಪನಿ ವಿಮೆಗೆ ಎಚ್‌ಆರ್ ಹೇಳಿದ ಗಡುವಿನೊಳಗೆ. ತವರಿನಲ್ಲಿರುವಾಗ ತಾಯಿ ಕಾರ್ಡ್ ಜೊತೆಯಲ್ಲೇ ಇರಲಿ. 6, 10, 14 ವಾರದ ಲಸಿಕೆ ಅಲ್ಲೇ ಹಾಕಿಸಿದರೆ ಪ್ರತಿ ಸಲವೂ ತಾರೀಖು ಅದರಲ್ಲೇ ಬರೆಸಿಕೊಳ್ಳಿ. ಗಂಡನ ಊರಿನ ಅಂಗನವಾಡಿಯಲ್ಲಿ 2,000ದ ಕಂತು ಕೇಳಲು ಹೋದಾಗ ಅವರು ಮೊದಲು ತೆರೆದು ನೋಡುವುದು ಆ ಪುಟವನ್ನೇ.